ಲೈನ್ ಕ್ಲಿಯರ್

ಮೂವತ್ತೊಂದು ವರ್ಷ ಕಂಬ ಹತ್ತಿದ ಕಾಲು
ಈಗ ಹತ್ತುವುದು ಇದೊಂದೇ ಏಣಿ:
ಆರು ಮೆಟ್ಟಿಲು, ಮೇಲೆ ಗಾಡಿಯ ತಗಡಿನ ನೆತ್ತಿ,
ಅದರ ಮೇಲೆ ಎರಡು ನೀಲಿ ಹಲಗೆ.

ಗಾಡಿಯೆಂದರೆ ಐಸು ಸಾಗಿಸುತ್ತಿದ್ದ ಹಳೆಯ ಟ್ರೇಲರು,
ಅಂಕೋಲೆಯ ಗುಜರಿಯವ ತೂಕಕ್ಕೆ ಹಾಕುವ ಮೊದಲು
ಓಡಿಹೋಗಿ ಬಿಡಿಸಿ ತಂದದ್ದು.
ಬಂಗುಡೆ, ಬೊಂಡಾಸಿನ ವಾಸನೆ ಮೂರು ಸಲ ತೊಳೆದರೂ
ನಾಲ್ಕನೆಯ ಮೂಲೆಯಲ್ಲಿ ಕೂತಿದೆ.
ಇರಲಿ ಬಿಡಿ, ಅಂದಳು ರುಕ್ಮಾ, ಊರು ಜೊತೆಗೇ ಬರುತ್ತದೆ.

ಬ್ಯಾಟರಿ ಶಿರಸಿಯದು.
ಅಂಗಡಿಯ ಹುಡುಗ ಲಿಥಿಯಂ ಅಂದ, ಹತ್ತು ವರ್ಷ ಗ್ಯಾರಂಟಿ ಅಂದ.
ನನಗೇ ಇಲ್ಲವಲ್ಲೋ ಅಷ್ಟು ಗ್ಯಾರಂಟಿ, ಅಂದೆ.
ಎರಡು ಸಾವಿರ ಇಳಿಸಿದ.

ತೂತು ಕೊರೆಯಲು ಡ್ರಿಲ್ ಎತ್ತಿದಾಗ
ಕೆಳಗಿನಿಂದ ಪುರ್ಸು ಹರಿಕಂತ್ರ ಕೂಗಿದ:
"ಏ ಗಾಂವಕರ್ ಮಾರಾಯಾ, ನಿಲ್ಸು!
ಕೊರೆದ ತೂತೆಂದರೆ ಮಳೆಗಾಲಕ್ಕೆ ಕೊಟ್ಟ ವಿಳಾಸ."
ದೋಣಿ ಕಟ್ಟುವವ, ನೀರಿನ ಬುದ್ಧಿ ಬಲ್ಲವ.
ಅಂಟಿನಲ್ಲೇ ಕಾಲು ಕೂರಿಸಿದ,
ರಾತ್ರಿಯಿಡೀ ಮರಳಿನ ಚೀಲ ಹೇರಿಟ್ಟ,
ಕೂಲಿ ಬೇಡವೆಂದ.

ಮಾಜಾಳಿಯ ದಂಡೆಯಲ್ಲಿ ಮೊದಲ ದಿನ.
ಹಲಗೆಯ ಮುಖ ತೆಂಕಿಗೆ, ಹದಿನೈದು ಡಿಗ್ರಿ ಓರೆ.
ಮೀಟರಿನಲ್ಲಿ ಏರುವ ಅಂಕಿ ನೋಡುತ್ತ ಕೂತೆ
ಹಾಲು ಕಾಯಲಿಟ್ಟವನ ಹಾಗೆ.
ಹನ್ನೊಂದಕ್ಕೆ ಅಂಕಿ ದಿಢೀರನೆ ಬಿತ್ತು.
ವೈರು ನೋಡಿದೆ, ಫ್ಯೂಸು ನೋಡಿದೆ,
ಆಮೇಲೆ ತಲೆಯೆತ್ತಿ ನೋಡಿದೆ:
ಗಾಳಿಮರದ ಒಂದೇ ಟೊಂಗೆಯ ನೆರಳು
ಹಲಗೆಯ ಒಂದು ಮೂಲೆಯಲ್ಲಿ.
ಅಂಗೈಯಗಲ ಕಪ್ಪು. ಸಾಲಿಗೆ ಸಾಲೇ ಮಂಕು.
ಎಂಟು ಹೆಜ್ಜೆ ಗಾಡಿ ನೂಕಿದೆವು, ನಾನು, ರುಕ್ಮಾ,
ಕ್ರಿಕೆಟ್ ಬಿಟ್ಟು ಬಂದ ನಾಲ್ಕು ಹುಡುಗರು.

ಸಂಜೆ ಅವಳು ಮಿಕ್ಸರು ತಿರುಗಿಸಿದಳು.
ಕಾಯಿ, ಒಣಮೆಣಸು, ಹುಳಿ.
ಇನ್ವರ್ಟರು ಒಮ್ಮೆ ಕಿರುಚಿತು, ಕತ್ತಲೆ.
"ಒಂದು ಬಂಗುಡೆ ಸಾರಿಗೆ ಸಾಲದ ಸೂರ್ಯ ಯಾವ ಸೂರ್ಯ?"
ಮರುದಿನದಿಂದ, ಹೊತ್ತು ನೆತ್ತಿಯ ಮೇಲಿರುವಾಗಲೇ ಮಸಾಲೆ.
ಗಾಳಿ ಬಂದಾಗ ತೂರಿಕೊಂಡರು ಹಿರಿಯರು,
ನಮ್ಮದು ಬಿಸಿಲು ಬಂದಾಗ ಅರೆದುಕೊಳ್ಳುವ ಸಂಸಾರ.

ಉಪ್ಪುಗಾಳಿ ತಾಮ್ರವನ್ನು ಹಸಿರು ಮಾಡಿ ತಿನ್ನುತ್ತದೆ.
ವಾರಕ್ಕೊಮ್ಮೆ ಟರ್ಮಿನಲ್ಲಿಗೆ ಗ್ರೀಸು ಸವರುವಾಗ
ಕೈ ತಾನಾಗಿ ಒಂದು ಕ್ಷಣ ತಡೆಯುತ್ತದೆ.
ಮಂಚಿಕೇರಿಯ ಹತ್ತಿರ, ಜುಜೆ ಸಿದ್ದಿ,
ನನಗಿಂತ ಎಂಟು ವರ್ಷ ಚಿಕ್ಕವ.
ಲೈನ್ ಕ್ಲಿಯರ್ ಕೊಟ್ಟವನು ನಾನು.
ಲೈನು ಕ್ಲಿಯರೇ ಇತ್ತು.
ಯಾರದೋ ಮದುವೆಮನೆಯ ಜನರೇಟರು
ಹಿತ್ತಿಲ ಬಾಗಿಲಿನಿಂದ ತಂತಿಗೆ ನುಗ್ಗಿತು.
ಅವನ ಗ್ಲೌಸು ನನ್ನ ಪೆಟ್ಟಿಗೆಯಲ್ಲಿ ಇನ್ನೂ ಇದೆ,
ಒಂದು. ಎಡಗೈಯದು.

ಈ ಪುಟ್ಟ ಕರೆಂಟು ನನಗೆ ಅದಕ್ಕೇ ಹಿಡಿಸಿತು.
ಎರಡು ಮಾರು ವೈರು, ಅಲ್ಲಿಗೆ ಮುಗಿಯಿತು.
ಯಾವ ಕಂಬಕ್ಕೂ ನಂಟಿಲ್ಲ,
ಯಾರ ಬೆನ್ನಿಗೂ ಹೋಗಿ ತಾಗುವುದಿಲ್ಲ.

ನಿನ್ನೆ ರಾತ್ರಿ ಒಂಬತ್ತೂ ಕಾಲಿಗೆ
ಸದಾಶಿವಗಡದ ಕಡೆಯ ದೀಪಗಳೆಲ್ಲ ಒಮ್ಮೆಗೇ ಹೋದವು.
ಕೈ ಸೊಂಟಕ್ಕೆ ಹೋಯಿತು, ಪ್ಲೇಯರ್ ಇರಲಿಲ್ಲ.
ಯಾವ ಫೀಡರೋ, ಜಂಪರು ಹೋಯಿತೋ, ತೆಂಗಿನ ಗರಿಯೋ,
ಆಫೀಸಿನ ಫೋನು ಈಗ ಎತ್ತುವವ ಯಾರೋ,
ಯಾವ ಹುಡುಗ ಉಂಡ ಕೈ ಒರೆಸಿಕೊಂಡು
ಬೂಟು ಹುಡುಕುತ್ತಿದ್ದಾನೋ.
ನಮ್ಮ ಗಾಡಿಯಲ್ಲಿ ಮಾತ್ರ ಒಂದು ಬಲ್ಬು,
ದಂಡೆಯುದ್ದಕ್ಕೂ ಅದೊಂದೇ, ನಾಚಿಕೆಯಿಲ್ಲದೆ.

"ಎಷ್ಟಿದೆ ಬ್ಯಾಟರಿ?"
"ಅರವತ್ತೆರಡು."
"ಬೆಳಗಿನವರೆಗೆ ಧಾರಾಳ," ಅಂದಳು ರುಕ್ಮಾ.
ಆಮೇಲೆ ತಾನೇ ಎದ್ದು ಸ್ವಿಚ್ಚು ಆರಿಸಿದಳು.
ಯಾಕೆಂದು ನಾನು ಕೇಳಲಿಲ್ಲ.

ಹೊರಗೆ ಬಂದು ಮರಳಿನಲ್ಲಿ ಕೂತೆವು.
ಹತ್ತೂವರೆಗೆ ದೂರದಲ್ಲಿ ಒಂದು ಸಾಲು ಹತ್ತಿತು.
ಪಕ್ಕದ ಸಾಲು ಹತ್ತಲಿಲ್ಲ.

"ಹುಡುಗ ಇನ್ನೂ ಮೇಲಿದ್ದಾನೆ," ಅಂದೆ.